ಇನ್ನೂರು ಕಿಲೋಮೀಟರಿನ ನೆಂಟಸ್ತನ

ಬೋಲ್ಟು ಇದ್ದದ್ದು ಕಿರುಬೆರಳಿನ ಒಂದು ಗೆಣ್ಣಿನಷ್ಟು. ಅದು ಮುರಿದದ್ದು ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಸದಾಶಿವಪೇಟೆ ದಾಟಿದ ಮೇಲೆ, ಮುಂಬೈ ಹೆದ್ದಾರಿಯಲ್ಲಿ. 'ಟಣ್' ಎಂದು ಸಣ್ಣಗೆ ಸದ್ದಾಯಿತು, ಅಷ್ಟೇ. ಮರುಕ್ಷಣ ದಿನೇಶನ ಕೆಳಗೆ ಇರಬೇಕಾಗಿದ್ದ ಸೀಟು ಹಿಂದಿನ ರಸ್ತೆಯ ಮೇಲೆ ಮಗುಚಿ ಬಿದ್ದಿತ್ತು. ಅವನು ಹೇಗೋ ಪೆಡಲುಗಳ ಮೇಲೆ ಎದ್ದು ನಿಂತು, ಬ್ರೇಕು ಹಿಡಿದು, ತಿರುಗಿ ನೋಡುವುದರೊಳಗೆ ಕಲ್ಲು ತುಂಬಿದ ಲಾರಿಯೊಂದು ಅದರ ಮೇಲೆ ಹಾದು ಹೋಯಿತು. ಚಾಲಕ ಕಿಟಕಿಯಿಂದ ತಲೆ ಹೊರಹಾಕಿ, "ಚೂಸ್ಕೊನಿ ಪೋ ಅನ್ನಾ!" ಎಂದು ತೆಲುಗಿನಲ್ಲಿ, ನೋಡಿಕೊಂಡು ಹೋಗುವ ಬುದ್ಧಿ ಹೇಳಿಯೇ ಮುಂದೆ ಹೋದ.

ದಿನೇಶ ಸೀಟನ್ನು ಎತ್ತಿಕೊಂಡ. ಅದು ಎರಡು ದಿನದ ಹಿಂದಿನ ದೋಸೆಯ ಹಾಗೆ ಆಗಿತ್ತು.

ಬೋಲ್ಟು ಮುರಿಯುವುದು ಯಾರಿಗಾದರೂ ಆಗಬಹುದು. ಆದರೆ ದಿನೇಶನಿಗೆ ಆಗಬಾರದಿತ್ತು. ಅವನು ಹೈದರಾಬಾದಿನ ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೋಲ್ಟುಗಳನ್ನು ಪರೀಕ್ಷೆ ಮಾಡುತ್ತಿದ್ದವನು. ಅವನು ಸೈ ಎನ್ನದೆ ಒಂದು ಬೋಲ್ಟೂ ಆ ಕಾರ್ಖಾನೆಯ ಗೇಟು ದಾಟುತ್ತಿರಲಿಲ್ಲ. ಅಂಥವನ ಸೈಕಲ್ಲಿನ ಬೋಲ್ಟೇ ಹೀಗೆ ಮಾಡಿದರೆ ಹೇಗಾಗಬೇಡ? ತುಂಬಿದ ಸಭೆಯಲ್ಲಿ ದರ್ಜಿಯ ಪ್ಯಾಂಟೇ ಹರಿದ ಹಾಗೆ ಆಯಿತು.

ಜೊತೆಗೆ ಈ ಸೈಕಲ್ ಸವಾರಿಯಲ್ಲಿ ಇದು ಅವನ ಮೂರನೆಯ ಪ್ರಯತ್ನ. ಲಿಂಗಂಪಲ್ಲಿ ಸ್ಟೇಷನ್ನಿನ ಮುಂದಿನಿಂದ ಬೆಳಿಗ್ಗೆ ಆರಕ್ಕೆ ಹೊರಟು, ಜಹೀರಾಬಾದ್ ದಾಟಿ, ಕರ್ನಾಟಕದ ಗಡಿಯ ಹತ್ತಿರ ಇರುವ ಒಂದು ಢಾಬಾ ಮುಟ್ಟಿ, ಅಲ್ಲಿ ಕಾರ್ಡಿಗೆ ಮುದ್ರೆ ಹಾಕಿಸಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗಬೇಕು. ಇನ್ನೂರು ಕಿಲೋಮೀಟರು, ಹದಿಮೂರೂವರೆ ಗಂಟೆ. ಮೊದಲು ಬಂದವರು, ಕೊನೆಗೆ ಬಂದವರು ಎಂಬ ಭೇದ ಇಲ್ಲ. ಸಂಜೆ ಏಳೂವರೆಯೊಳಗೆ ಬಂದವರಿಗೆಲ್ಲ ಒಂದೊಂದು ಪದಕ. ಮೊದಲ ಸಲ ದಿನೇಶನ ಚೈನು ಹರಿದಿತ್ತು. ಎರಡನೆಯ ಸಲ ಎಡಗಡೆಯ ಪೆಡಲು ಕಳಚಿ ಬಿದ್ದಿತ್ತು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಈಗ ಅವನನ್ನು ಯಾರೂ "ಎಷ್ಟು ದೂರ ಹೋದ್ರಿ?" ಎಂದು ಕೇಳುತ್ತಿರಲಿಲ್ಲ. "ಈ ಸಲ ಯಾವ ಪಾರ್ಟು?" ಎಂದೇ ಕೇಳುತ್ತಿದ್ದರು. ಹೆಂಡತಿ ಗುರುದೇವಿ ಇನ್ನೂ ನೇರ. "ನೀವು ಸೈಕಲ್ ಹೊಡಿಯಾಕ ಹೋಗೂದಿಲ್ರಿ. ಒಂದೊಂದ ಸಾಮಾನು ರಸ್ತಾಕ್ಕ ಬಿಟ್ಟು ಬರಾಕ ಹೋಗ್ತೀರಿ" ಎಂದಿದ್ದಳು.

ನಲವತ್ತೇಳನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಬೇಕಾಗುವುದು ಬಹಳ ಕಡಿಮೆ. ದಿನೇಶನಿಗೆ ಬೇಕಾಗಿದ್ದದ್ದು, ಹಿಡಿದ ಒಂದು ಕೆಲಸ ಮುಗಿಸಿದ ಎಂದು ಒಬ್ಬರಾದರೂ ಹೇಳುವುದು.

ಅಷ್ಟರಲ್ಲಿ ಹಿಂದಿನಿಂದ, ಅದೇ ಸವಾರಿಗೆ ಹೊರಟಿದ್ದ ಯಶವಂತ ಬಂದ. ದಿನೇಶನ ಅಪಾರ್ಟ್‌ಮೆಂಟಿನಲ್ಲೇ ಮೂರನೆಯ ಮಹಡಿಯಲ್ಲಿರುವ ಹುಡುಗ; ಬೆಂಗಳೂರಿನವನು, ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವನಿಗೆ ಸೈಕಲ್ಲಿನ ಬಗ್ಗೆ ತಿಳಿಯದ ವಿಷಯವಿಲ್ಲ. ಎಲ್ಲವನ್ನೂ ಮೊಬೈಲಿನಲ್ಲಿ ನೋಡಿದ್ದ.

"ಅಯ್ಯೋ ಸರ್, ಬೋಲ್ಟ್ ಹೋಯ್ತಾ? ಟೈಟ್ ಜಾಸ್ತಿ ಮಾಡಿರ್ತೀರ. ಅದಕ್ಕೊಂದು ಲೆಕ್ಕ ಇದೆ ಸರ್, ನಾನು ನಿಮಗೆ ವಿಡಿಯೋ ಕಳಿಸಿದ್ನಲ್ಲ?"

"ಬೋಲ್ಟ್ ಐತೇನಪ್ಪ ನಿನ್ನ ಹತ್ರ?"

ಯಶವಂತ ತನ್ನ ಚೀಲ ತೆರೆದ. ಅದರಲ್ಲಿ ಹದಿನಾಲ್ಕು ಬಗೆಯ ಪಾನಾಗಳಿದ್ದವು, ಎರಡು ಟ್ಯೂಬು, ಒಂದು ಪುಟ್ಟ ಪಂಪು, ಬೋಲ್ಟು ಬಿಚ್ಚುವುದಕ್ಕೆ ಬೇಕಾದದ್ದೆಲ್ಲ ಇತ್ತು. ಬೋಲ್ಟು ಇರಲಿಲ್ಲ.

"ನಿಂತ್ಕೊಂಡೇ ಹೊಡೀರಿ ಸರ್. ಹೊಟ್ಟೆ ಕರಗತ್ತೆ."

"ಇನ್ನೂ ನೂರಾ ನಲವತ್ತೇಳು ಕಿಲೋಮೀಟರ್ ಐತಿ."

"ಚೆನ್ನಾಗೇ ಕರಗತ್ತೆ" ಎಂದ ಯಶವಂತ.

ಒಂದು ಕಿಲೋಮೀಟರು ನಿಂತುಕೊಂಡು ಹೊಡೆಯುವುದರಲ್ಲೇ ದಿನೇಶನ ತೊಡೆಗಳು ಬೆಂಕಿಯಾದವು. ನಡುವೆ ಒಮ್ಮೆ ಮರೆತು ಕೂರಲು ಹೋದ. ಸೀಟಿನ ಕಂಬದ ತುದಿ ಅವನಿಗೆ ಕೂಡಲೇ ನೆನಪು ಮಾಡಿಕೊಟ್ಟಿತು. ಆಮೇಲೆ ಇಳಿದು ತಳ್ಳಿಕೊಂಡು ನಡೆದ. ಯಶವಂತ ಪಕ್ಕದಲ್ಲೇ ನಿಧಾನವಾಗಿ ಸೈಕಲ್ ಹೊಡೆಯುತ್ತ, ಸಹಾನುಭೂತಿಯಿಂದ ಬಾಳೆಹಣ್ಣು ತಿನ್ನುತ್ತ ಬಂದ.

ಮುಂದೆ ಹಳ್ಳಕ್ಕೆ ಸೇತುವೆ ಕಟ್ಟುವ ಕೆಲಸ ನಡೆದಿತ್ತು. ಇಪ್ಪತ್ತು ಜನ ಹಳದಿ ಹೆಲ್ಮೆಟ್ಟಿನವರು ಕಬ್ಬಿಣದ ಸರಳು ಕಟ್ಟುತ್ತಿದ್ದರು. ಅವರಲ್ಲೊಬ್ಬ, ಮೂವತ್ತೈದರ ಸುಮಾರಿನ ಗಟ್ಟಿ ಆಳು, ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು, "ಕ್ಯಾ ಸಾಬ್, ಸೀಟ್ ಕಹಾಂ ಗಯಾ?" ಎಂದು ಕೂಗಿದ. ಉಳಿದ ಹತ್ತೊಂಬತ್ತು ಜನ ನಕ್ಕರು.

"ಇದೊಂದ ಬಾಕಿ ಇತ್ತು ನೋಡು" ಎಂದು ದಿನೇಶ ತನ್ನಷ್ಟಕ್ಕೆ ಗೊಣಗಿದ.

ಆ ಆಳು ಒಂದೇ ನೆಗೆತಕ್ಕೆ ರಸ್ತೆಗೆ ಬಂದ. "ಅರೆ! ನಮ್ಮ ಮಾತಲ್ರೀ ಇದು! ಯಾವ ಕಡೆಯವ್ರು?"

"ರಾಯಚೂರ ಕಡೆ."

"ಏ ಅನ್ನಮ್ಮಾ, ಇಲ್ಲಿ ಬಾರ! ನಮ್ಮೂರ ಕಡೆಯವ್ರು ಸೀಟ್ ಇಲ್ಲದ ಬಂದಾರ!"

ಅವನ ಹೆಸರು ಮೌನಪ್ಪ. ಹೆಸರಿಗೂ ಅವನಿಗೂ ಏನೂ ಸಂಬಂಧ ಇರಲಿಲ್ಲ. ಮಾತಾಡುತ್ತಲೇ ಸೈಕಲ್ಲನ್ನು ದಿನೇಶನ ಕೈಯಿಂದ ಬಿಡಿಸಿಕೊಂಡ, ಮಾತಾಡುತ್ತಲೇ ಕಂಬದ ಅಳತೆಯನ್ನು ಬೆರಳಿನಲ್ಲಿ ಹಿಡಿದ, ಮಾತಾಡುತ್ತಲೇ ಒಂದು ಸರಳು ತಂದು ಬಗ್ಗಿಸತೊಡಗಿದ. ದಿನಕ್ಕೆ ಮುನ್ನೂರು ರಿಂಗು ಬಗ್ಗಿಸುವ ಕೈ ಅದು. ಐದು ನಿಮಿಷದಲ್ಲಿ ಕಂಬದ ಸುತ್ತ ಬಿಗಿಯಾಗಿ ಕೂರುವ ಎರಡು ಬಳೆ ತಯಾರಾದವು. ಅದರ ಮೇಲೆ ಸೆಂಟ್ರಿಂಗ್ ಹಲಗೆಯ ಒಂದು ತುಂಡು ಇಟ್ಟು ಬೈಂಡಿಂಗ್ ವೈರಿನಿಂದ ಬಿಗಿದ. ಅವನ ಹೆಂಡತಿ ಅನ್ನಮ್ಮ ಖಾಲಿ ಸಿಮೆಂಟು ಚೀಲವನ್ನು ನಾಲ್ಕು ಮಡಿಕೆ ಮಾಡಿ ಮೇಲೆ ಹಾಸಿದಳು. ಮೇಸ್ತ್ರಿ ಹುಲಗೇಶ, "ಲೇ, ಕಾಂಕ್ರೀಟ್ ಗಾಡಿ ಬರಾಕತ್ತೈತಿ, ನೀವು ಸೈಕಲ್ ಅಂಗಡಿ ಇಟ್ಟೀರಲ್ಲೋ" ಎಂದು ಬೈಯುತ್ತ ಬಂದವನು, ನೋಡಿ, "ಹಿಂದ ಸ್ವಲ್ಪ ಎತ್ತರ ಮಾಡ್ರಿ, ಇಲ್ಲಾಂದ್ರ ಜಾರ್ತಾರ" ಎಂದು ತಾನೇ ಕೂತು ಇನ್ನೊಂದು ಸುತ್ತು ತಂತಿ ಬಿಗಿದ.

ದಿನೇಶ ಕೂತು ನೋಡಿದ. ಹಲಗೆ ಹಲಗೆಯ ಹಾಗೇ ಇತ್ತು. ಆದರೆ ಅಲುಗಲಿಲ್ಲ.

"ಭಾಳ ಉಪಕಾರ ಆತ್ರಿ" ಎಂದ. ಅಷ್ಟಕ್ಕೆ ಹೊರಟುಬಿಟ್ಟಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ರಾಯಚೂರ ಕಡೆ ಅಂದ್ರಲ್ರಿ, ಖಾಸ ಊರು ಯಾವ್ದು?" ಎಂದು ಮೌನಪ್ಪ ಕೇಳಿದ.

"ನಮ್ದು ಲಿಂಗಸುಗೂರು. ಅವ್ವನ ತವರಮನಿ ಮಸ್ಕಿ."

"ಮಸ್ಕಿ! ಮಸ್ಕ್ಯಾಗ ಯಾರ ಪೈಕಿ?"

"ಗಿರಣಿ ಬಸಣ್ಣ ಅಂತ ನಮ್ಮ ಸೋದರಮಾವ..."

ಮೌನಪ್ಪ ಎರಡೂ ಕೈಯಿಂದ ಹಣೆ ಹೊಡೆದುಕೊಂಡ. "ಗಿರಣಿ ಬಸಣ್ಣನ ಅಳಿಯಂದ್ರಾ ನೀವು? ಅವರ ತಂಗಿ ಮಗಳನ್ನ ನಮ್ಮ ದೊಡಪ್ಪನ ಮಗಗ ಕೊಟ್ಟಾರಲ್ರಿ! ಹಂಗಾದ್ರ ನೀವು ನನಗ ಭಾವ ಆಗಬೇಕು!"

ದಿನೇಶ ಯೋಚಿಸಿದ. ಅವ್ವನಿಗೆ ಐದು ಜನ ಅಕ್ಕತಂಗಿಯರು. ಅವರ ಹೆಣ್ಣುಮಕ್ಕಳನ್ನು ಯಾವ ಯಾವ ಊರಿಗೆ ಕೊಟ್ಟಿದ್ದರೋ ಹದಿನೇಳನೆಯ ವಯಸ್ಸಿಗೇ ಊರು ಬಿಟ್ಟವನಿಗೆ ಗೊತ್ತಿರಲಿಲ್ಲ. ಇರಬಹುದು ಅನ್ನಿಸಿತು. ಅವನು ಬಾಯಿ ತೆರೆಯುವುದರೊಳಗೆ ಅನ್ನಮ್ಮ ತಲೆಯ ಮೇಲೆ ಸೆರಗು ಹೊದ್ದು, "ಭಾವಾರ, ಚಹಾ ಆದ್ರೂ ಕುಡದು ಹೋಗ್ರಿ" ಎಂದು ಸ್ಟೀಲಿನ ಲೋಟ ಹಿಡಿದು ನಿಂತಿದ್ದಳು. ಹೈದರಾಬಾದಿಗೆ ಬಂದು ಮೂವತ್ತು ವರ್ಷವಾಗಿತ್ತು. ರಸ್ತೆಯ ಮೇಲೆ ಯಾರೂ ಅವನನ್ನು ಹೀಗೆ ಕರೆದಿರಲಿಲ್ಲ. ಚಹಾ ಕುಡಿದ.

ಯಶವಂತನ ಮುಖ ಮಾತ್ರ ಸಣ್ಣದಾಗಿತ್ತು. ಅವನು ದಿನೇಶನನ್ನು ಪಕ್ಕಕ್ಕೆ ಕರೆದ.

"ಸರ್, ರೂಲ್ ಓದಿದೀರಾ? ದಾರೀಲಿ ಅಂಗಡಿಯೋರು, ಅಪರಿಚಿತರು ಯಾರು ಬೇಕಾದ್ರೂ ಹೆಲ್ಪ್ ಮಾಡ್ಬಹುದು. ಮನೆಯೋರು, ನೆಂಟರು ಮಾಡೋ ಹಾಗಿಲ್ಲ. ಹೋದ ವರ್ಷ ಒಬ್ಬನ ಭಾಮೈದ ಕಾರಲ್ಲಿ ಹಿಂದೆ ಹಿಂದೆ ಬಂದು ಇಡ್ಲಿ ಕೊಡ್ತಿದ್ದ ಅಂತ ಹೊರಗೆ ಹಾಕಿದ್ರು."

"ಅಲ್ಲಪ್ಪ, ಇವರು ನೆಂಟರು ಅಂತ ಈಗ ಗೊತ್ತಾತು!"

ಯಶವಂತ ಗಲ್ಲಕ್ಕೆ ಬೆರಳಿಟ್ಟು ಯೋಚಿಸಿದ. ಹೈಕೋರ್ಟಿನ ನ್ಯಾಯಾಧೀಶನ ಗಾಂಭೀರ್ಯ ಅವನ ಮುಖದಲ್ಲಿತ್ತು. "ಫಿಟ್ ಮಾಡುವಾಗ ಅಪರಿಚಿತರು. ಆಮೇಲೆ ನೆಂಟರು. ಹಾಗಾಗಿ ಪರವಾಗಿಲ್ಲ. ಆದ್ರೆ ಇನ್ಮೇಲೆ ಇವರ ಕೈಯಿಂದ ಒಂದು ಸ್ಕ್ರೂ ಕೂಡ ತಗೋಬೇಡಿ ಸರ್."

"ವಾಪಸ್ ಬರುವಾಗ ನಿಂದರ್ರಿ ಭಾವಾ!" ಎಂದು ಮೌನಪ್ಪ ಹಿಂದಿನಿಂದ ಕೂಗಿದ. "ಇವತ್ತ ಇಲ್ಲಿ ಕೆಲಸ ಮುಗಿತೈತಿ, ರಾತ್ರಿ ನಾವೂ ಲಿಂಗಂಪಲ್ಲಿ ಶೆಡ್ಡಿಗೆ ಬರ್ತೀವಿ!"

ದಿನೇಶ ಕೈ ಬೀಸಿ, ತಿರುಗಿ ನೋಡದೆ ಹೊರಟ.

ಯಶವಂತನಿಗೆ ತಡವಾಗಿತ್ತು, ಮುಂದೆ ಹೋದ. ದಿನೇಶ ಹಲಗೆಯ ಮೇಲೆ ಕೂತು ಒಬ್ಬನೇ ಸಾಗಿದ. ರಸ್ತೆಯ ಪ್ರತಿಯೊಂದು ಉಬ್ಬೂ ಹಲಗೆಯ ಮೂಲಕ ಅವನ ಹಲ್ಲಿನವರೆಗೆ ಸುದ್ದಿ ಮುಟ್ಟಿಸುತ್ತಿತ್ತು. ಹನ್ನೆರಡೂವರೆಗೆ ಢಾಬಾ ತಲುಪಿದ. ಅಲ್ಲಿಯ ಗಡುವಿಗೆ ಇನ್ನು ಹತ್ತೇ ನಿಮಿಷ ಉಳಿದಿತ್ತು. ಮುದ್ರೆ ಹಾಕುವ ಹುಡುಗಿ ಕಾರ್ಡು ನೋಡುವ ಮೊದಲು ಹಲಗೆ ನೋಡಿದಳು. ಫೋಟೋ ತೆಗೆದಳು. ಸವಾರರ ವಾಟ್ಸಾಪ್ ಗುಂಪಿಗೆ ಹಾಕಿದಳು. ದಿನೇಶ ಅನ್ನ ಸಾರು ಮುಗಿಸಿ ಕೈ ತೊಳೆಯುವುದರೊಳಗೆ ಆ ಫೋಟೋ ಅಪಾರ್ಟ್‌ಮೆಂಟಿನ ಗುಂಪು ದಾಟಿ, ಬಾಲಾನಗರದ ಕಾರ್ಖಾನೆ ದಾಟಿ, ಗುರುದೇವಿಯ ಕೈಗೆ ತಲುಪಿತ್ತು.

"ಅದೇನ್ರಿ, ಮದುವಿ ಮಣಿ ಮ್ಯಾಲ ಕುಂತಂಗ ಕುಂತೀರಿ?" ಎಂದು ಅವಳು ಫೋನಿನಲ್ಲಿ ಕೇಳಿದಳು.

"ಸೀಟ್ ಮುರೀತು."

"ಗೊತ್ತಾತು. ಬಸ್ ಹತ್ತಿ ಬರ್ರಿ. ಜಹೀರಾಬಾದಿಂದ ಬೇಕಾದಷ್ಟು ಬಸ್ ಅದಾವು."

"ಇಲ್ಲ. ಈ ಸಲ ಮುಗಿಸೇ ಬರ್ತೀನಿ."

"ಹಂಗಾದ್ರ ನೀರು ಸರಿಯಾಗಿ ಕುಡೀರಿ" ಎಂದು ಗುರುದೇವಿ ಫೋನು ಇಟ್ಟಳು. ಅವಳ ದನಿಯಲ್ಲಿ ಸಣ್ಣ ಬದಲಾವಣೆ ಇತ್ತು. ದಿನೇಶನಿಗೆ ಅದು ಇಪ್ಪತ್ತು ಕಿಲೋಮೀಟರಿಗೆ ಸಾಕಾಯಿತು.

ಜಹೀರಾಬಾದಿನಲ್ಲಿ ಒಂದು ಸೈಕಲ್ ಅಂಗಡಿ ತೆರೆದಿತ್ತು. ಅಂಗಡಿಯ ಮುದುಕ ಹಲಗೆಯನ್ನು ಮುಟ್ಟಿ, ಬಡಿದು, ಅದರ ಮೇಲೆ ಕಿವಿ ಇಟ್ಟು ನೋಡಿ, "ಯೆ ನಕ್ಕೋ ಸಾಬ್" ಎಂದು, ಅದು ಬೇಡವೇ ಬೇಡ ಎಂಬ ತೀರ್ಪು ಕೊಟ್ಟ. ಹಾಲಿನವರ ಸೈಕಲ್ಲಿಗೆ ಹಾಕುವ, ಕೆಳಗೆ ಎರಡು ದೊಡ್ಡ ಸ್ಪ್ರಿಂಗ್ ಇರುವ ಸೀಟು ತಂದ. ನೋಡಿದರೆ ಸೋಫಾದ ಹಾಗಿತ್ತು. ದಿನೇಶನ ಕಣ್ಣು ತುಂಬಿ ಬಂತು. ಆದರೆ ಸೀಟಿನ ತೂತು ಚಿಕ್ಕದು, ಕಂಬ ದಪ್ಪ. ಮುದುಕ ಸುತ್ತಿಗೆಯಿಂದ ಹೊಡೆದ. ಪಕ್ಕದ ಪಾನ್ ಡಬ್ಬಿಯವನು ಎಣ್ಣೆ ಹಚ್ಚಲು ಹೇಳಿದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಕಂಬವನ್ನೇ ಕೊಯ್ದುಬಿಡಲು ಹೇಳಿದರು. ಇಪ್ಪತ್ತು ನಿಮಿಷ ಹೀಗೆ ಎಲ್ಲರೂ ಸಲಹೆ ಕೊಟ್ಟ ಮೇಲೆ ಸೀಟು ಅಂಗಡಿಯೊಳಕ್ಕೆ ವಾಪಸು ಹೋಯಿತು. ದಿನೇಶ ಮತ್ತೆ ಹಲಗೆ ಏರಿದ.

ಅವನ ಮನಸ್ಸಿನಲ್ಲಿ ಈಗ ಒಂದೇ ಲೆಕ್ಕ. ನೂರಾ ನಲವತ್ತಾರನೆಯ ಕಿಲೋಮೀಟರಿಗೆ ಸೇತುವೆ ಬರುತ್ತದೆ. ಅಲ್ಲಿ ನಿಲ್ಲಬಾರದು. ನಿಂತರೆ ಮಾತು, ಮಾತಿನ ಹಿಂದೆ ಚಹಾ, ಚಹಾದ ಹಿಂದೆ ಸಹಾಯ. ನೆಂಟರ ಸಹಾಯ. ತಲೆ ತಗ್ಗಿಸಿ, ಲಾರಿಯೊಂದರ ಮರೆಯಲ್ಲಿ, ಜೋರಾಗಿ ಹಾದುಹೋಗಿಬಿಡಬೇಕು.

ಸೇತುವೆಗೆ ಇನ್ನು ಮೂರು ಕಿಲೋಮೀಟರು ಇರುವಾಗ ಒಂದು ಗುಂಡಿ ಬಂತು. ಹಲಗೆ ಸರಿಯಾಗಿ ನಡುವಿಗೆ ಎರಡು ಹೋಳಾಯಿತು.

ಮೂರು ಕಿಲೋಮೀಟರು ನಿಂತುಕೊಂಡೇ ಹೊಡೆದ. ಕಾಲುಗಳು ಹೊಲಿಗೆ ಯಂತ್ರದ ಸೂಜಿಯ ಹಾಗೆ ನಡುಗುತ್ತಿದ್ದವು. ಸೇತುವೆ ಹತ್ತಿರವಾಯಿತು. ಮುಖ ಆಚೆ ತಿರುಗಿಸಿದ. ಲಾರಿಯೊಂದು ಪಕ್ಕಕ್ಕೂ ಬಂತು. ಇನ್ನೇನು ದಾಟಿಬಿಟ್ಟ ಎನ್ನುವಾಗ ಅನ್ನಮ್ಮನ ದನಿ ಲಾರಿಯ ಹಾರನ್ನಿಗಿಂತ ಮೇಲೆ ಕೇಳಿಸಿತು.

"ಭಾವಾರು ಬಂದ್ರು! ನಿಂತಗೊಂಡ ಬಂದ್ರು!"

ಇಪ್ಪತ್ತು ಜನ ರಸ್ತೆಗೆ ಅಡ್ಡ ಬಂದರು.

"ಬ್ಯಾಡ್ರಿ, ನಾನು ಹಿಂಗ ಹೋಗ್ತೀನಿ, ವ್ಯಾಳೆ ಇಲ್ಲ" ಎಂದ ದಿನೇಶ.

"ಹಿಂಗ ಅಂದ್ರ ಹೆಂಗ?" ಎಂದಳು ಅನ್ನಮ್ಮ. "ನಮ್ಮ ಮುಂದ ಹಾಯ್ದು ಹಂಗ ಹೋದ್ರ ನಾವು ಏನ್ ತಿಳ್ಕೋಬೇಕು? ಬಡವ್ರು ಅಂತ ನಿಲ್ಲಲಿಲ್ಲ ಅಂತ ತಿಳ್ಕೋಬೇಕೇನು?"

ದಿನೇಶ ಇಳಿದ. ಇಳಿದ ಎನ್ನುವುದಕ್ಕಿಂತ ಕಾಲು ಮಡಚಿಕೊಂಡು ಬಿದ್ದ ಎನ್ನಬೇಕು. ಹಿಡಿದು ಕೂರಿಸಿದರು. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಬಂದವು. ತಿನ್ನುವುದರೊಳಗೆ ಮೌನಪ್ಪ ಹೊಸ ಹಲಗೆ ಹಾಕಿ, ಅದರ ಮೇಲೆ ತನ್ನ ತಲೆಯ ಹಳದಿ ಹೆಲ್ಮೆಟ್ಟನ್ನೇ ಮಗುಚಿ ಇಟ್ಟು, ಒಳಗೆ ಗೋಣಿ ತುರುಕಿ ತಂತಿಯಿಂದ ಕಟ್ಟಿಬಿಟ್ಟಿದ್ದ.

"ಮೆತ್ತಗ ಐತಿ ನೋಡ್ರಿ ಭಾವಾ. ಈ ಹೆಲ್ಮೆಟ್ ಮ್ಯಾಲ ಇಟ್ಟಗಿ ಬಿದ್ರೂ ಏನೂ ಆಗೂದಿಲ್ಲ."

ಕೂತಾಗ ನಿಜವಾಗಿಯೂ ಹಲಗೆಗಿಂತ ಸಾವಿರ ಪಾಲು ಹಿತವಾಗಿತ್ತು. ತಲೆಗೊಂದು ಹೆಲ್ಮೆಟ್ಟು, ಕೆಳಗೊಂದು ಹೆಲ್ಮೆಟ್ಟು. ಎರಡರ ನಡುವೆ ದಿನೇಶ ಲಿಂಗಂಪಲ್ಲಿಯ ಕಡೆ ಹೊರಟ. ಗಂಟೆ ನಾಲ್ಕೂ ಕಾಲು. ಐವತ್ತನಾಲ್ಕು ಕಿಲೋಮೀಟರು ಉಳಿದಿತ್ತು.

ಆ ಐವತ್ತನಾಲ್ಕು ಕಿಲೋಮೀಟರಿನ ಬಗ್ಗೆ ಹೇಳುವಂಥದ್ದು ಬಹಳ ಇಲ್ಲ. ಸಂಗಾರೆಡ್ಡಿಯ ಹತ್ತಿರ ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಹಿಂದೆ ಓಡಿದರು. ಪಟಾನ್‌ಚೆರುವಿನ ಟ್ರಾಫಿಕ್ಕಿನಲ್ಲಿ ಒಬ್ಬ ಆಟೋದವನು ಹೆಲ್ಮೆಟ್ಟು ಯಾಕೆ ಅಲ್ಲಿ ಹಾಕಿದ್ದೀರಿ ಎಂದು ತೆಲುಗಿನಲ್ಲಿ ವಿಚಾರಿಸಿದ. ದಿನೇಶನ ಬೆನ್ನು ಹಿಡಿದಿತ್ತು, ಅಂಗೈ ಜೋಮು ಹಿಡಿದಿತ್ತು. ತುಳಿದ. ಚೈನು ಹರಿಯಲಿಲ್ಲ. ಪೆಡಲು ಬೀಳಲಿಲ್ಲ. ಏಳು ಗಂಟೆ ಇಪ್ಪತ್ತಾರು ನಿಮಿಷಕ್ಕೆ ಲಿಂಗಂಪಲ್ಲಿ ಸ್ಟೇಷನ್ನಿನ ಮುಂದಿನ ಶಾಮಿಯಾನದೊಳಕ್ಕೆ ಅವನ ಮುಂದಿನ ಚಕ್ರ ಹೋಯಿತು.

ಚಪ್ಪಾಳೆ ಬಿತ್ತು. ಒಂದು ಗಂಟೆ ಮೊದಲೇ ಬಂದು ಕೊರಳಲ್ಲಿ ಪದಕ ಹಾಕಿಕೊಂಡಿದ್ದ ಯಶವಂತ ಎಲ್ಲರಿಗಿಂತ ಜೋರಾಗಿ ಹೊಡೆದ. ಮೇಜಿನ ಹಿಂದೆ ಕೂತಿದ್ದ ಸುಮತಿ ಎದ್ದು ನಿಂತಳು. ಮೈಸೂರಿನವಳು, ಈ ಸವಾರಿಯನ್ನು ಐದು ವರ್ಷದಿಂದ ನಡೆಸುತ್ತಿದ್ದಳು, ಶಿಸ್ತಿನ ಹೆಂಗಸು ಎಂದು ಹೆಸರು. ಅವಳ ಮುಖದಲ್ಲೂ ನಗು ಇತ್ತು.

"ಸರ್, ಐದು ವರ್ಷದಲ್ಲಿ ನಾನು ಇಂಥದ್ದು ನೋಡಿಲ್ಲ" ಎಂದು ಕಾರ್ಡು ತೆಗೆದುಕೊಂಡಳು. ಮುದ್ರೆ ನೋಡಿದಳು, ಸಮಯ ಬರೆದಳು, ಪದಕ ಕೈಗೆತ್ತಿಕೊಂಡಳು. ದಿನೇಶ ತಲೆ ಬಗ್ಗಿಸಿದ.

ಆಗ ಲಾರಿ ಬಂತು.

ಅದು ನಿಲ್ಲುವ ಮೊದಲೇ ಮೌನಪ್ಪ ಹಾರಿದ್ದ. ಹಿಂದೆ ಅನ್ನಮ್ಮ, ಹುಲಗೇಶ, ಉಳಿದವರೆಲ್ಲ, ಮೈತುಂಬ ಸಿಮೆಂಟು ಧೂಳು. "ಮುಟ್ಟಿದ್ರೇನ್ರಿ ಭಾವಾ?" ಎಂದು ಮೌನಪ್ಪ ಶಾಮಿಯಾನದೊಳಗೆ ನುಗ್ಗಿದ. "ಮೇಡಂ, ನಮ್ಮ ಭಾವಾ ಅದಾರ ಇವರು! ಮುಂಜಾನಿ ಒಂದ್ ಸರ್ತಿ, ಮಧ್ಯಾಹ್ನ ಒಂದ್ ಸರ್ತಿ ನಾವ ಸೀಟ್ ಕೂಡಿಸಿ ಕೊಟ್ಟೀವ್ರಿ! ರೊಟ್ಟಿ ತಿನಿಸಿ ಕಳಿಸೀವಿ!"

ಪದಕ ಗಾಳಿಯಲ್ಲೇ ನಿಂತಿತು.

"ಸರ್," ಎಂದಳು ಸುಮತಿ, "ಇವರು ನಿಮಗೆ ಸಂಬಂಧಾನಾ?"

ಸುಮತಿಯ ಹಿಂದೆ ನಿಂತಿದ್ದ ಯಶವಂತ ಕತ್ತು ಹರಿದು ಹೋಗುವಷ್ಟು ಜೋರಾಗಿ ಇಲ್ಲ ಇಲ್ಲ ಎಂದು ತಲೆ ಆಡಿಸಿದ. ದಿನೇಶ ಅದನ್ನು ನೋಡಿದ. ಒಂದೇ ಮಾತು. 'ಇಲ್ಲ, ಊರ ಕಡೆಯವರು, ಸುಮ್ಮನೆ ಹಾಗೆ ಕರೆಯುತ್ತಾರೆ' ಎಂದರೆ ಮುಗಿಯಿತು. ನಾಳೆ ಕ್ಯಾಂಟೀನಿನಲ್ಲಿ ಪದಕವನ್ನು ಚಹಾದ ಲೋಟದ ಪಕ್ಕದಲ್ಲಿ ಇಟ್ಟು ಸುಮ್ಮನೆ ಕೂರಬಹುದು. ಏನೂ ಹೇಳಬೇಕಾಗಿಲ್ಲ.

ಆಮೇಲೆ ಮೌನಪ್ಪನ ಕಡೆ ನೋಡಿದ. ಬರಿತಲೆಯಲ್ಲಿ ನಿಂತಿದ್ದ ಅವನು. ಇಡೀ ದಿನ ಬಿಸಿಲಲ್ಲಿ ದುಡಿದು ಬಾಡಿಹೋಗಿದ್ದ ಮುಖದಲ್ಲಿ ಹಬ್ಬದ ಕಳೆ ಇತ್ತು. ಅನ್ನಮ್ಮ, ಇಷ್ಟು ಜನ ಪ್ಯಾಂಟು ಶೂಗಳ ನಡುವೆ ತಮ್ಮವರೊಬ್ಬರು ಇದ್ದಾರೆಂಬ ಧೈರ್ಯದಲ್ಲಿ, ದಿನೇಶನ ಹತ್ತಿರ ಒಂದು ಹೆಜ್ಜೆ ಸರಿದು ನಿಂತಿದ್ದಳು.

"ಹೌದ್ರಿ" ಎಂದ ದಿನೇಶ. "ನಮ್ಮವ್ರ."

ಯಶವಂತ ಕಣ್ಣು ಮುಚ್ಚಿಕೊಂಡ.

"ಸಾರಿ ಸರ್" ಎಂದಳು ಸುಮತಿ. ಅವಳ ದನಿಯಲ್ಲಿ ನಿಜವಾಗಿಯೂ ಬೇಸರ ಇತ್ತು. "ಹೋದ ವರ್ಷ ಇದೇ ಕಾರಣಕ್ಕೆ ಒಬ್ಬರನ್ನ ಹೊರಗೆ ಹಾಕಿದೀನಿ. ಈಗ ನಿಮ್ಮನ್ನ ಬಿಟ್ರೆ ಅವರು ನನ್ನ ಸುಮ್ನೆ ಬಿಡ್ತಾರಾ?" ಪದಕವನ್ನು ಪೆಟ್ಟಿಗೆಯಲ್ಲಿಟ್ಟು, ಕಾರ್ಡಿನ ಮೇಲೆ ಅಡ್ಡ ಗೀಟು ಎಳೆದು, 'ನೆಂಟರ ನೆರವು' ಎಂದು ಬರೆದು ದಿನೇಶನ ಸಹಿ ಹಾಕಿಸಿಕೊಂಡಳು. ಮೊಬೈಲಿನಲ್ಲಿ ಏನನ್ನೋ ಒತ್ತಿ ಫಲಿತಾಂಶವನ್ನೂ ಕಳಿಸಿದಳು.

ವಿಷಯ ತಿಳಿದಾಗ ಮೌನಪ್ಪನ ಬಾಯಿ ಕಟ್ಟಿತು. ಆ ದಿನದಲ್ಲಿ ಅದೇ ಮೊದಲ ಸಲ. "ನಮ್ಮಿಂದ ಹಿಂಗ ಆತಲ್ರಿ ಭಾವಾ..." ಎಂದು ದಿನೇಶನ ಕೈ ಹಿಡಿದುಕೊಂಡ.

"ಇರ್ಲಿ ಬಿಡ್ರಿ. ಪದಕ ಇನ್ನೊಂದ್ ಸಲ ಬರ್ತೈತಿ. ನೆಂಟರು ಸಿಗ್ತಾರೇನು?" ಎಂದ ದಿನೇಶ. ಹೇಳಿದ ಮೇಲೆ ಮಾತು ಅವನಿಗೇ ಚೆನ್ನಾಗಿ ಕಂಡಿತು. ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಸುಮತಿ ಕೂಡ ಹೊಡೆದಳು. ಮೂರು ಪ್ರಯತ್ನದಲ್ಲಿ ಇಷ್ಟು ಗೌರವ ಅವನಿಗೆ ಎಂದೂ ಸಿಕ್ಕಿರಲಿಲ್ಲ. ಎದೆ ತುಂಬಿ ಬಂತು.

ಮೌನಪ್ಪನ ಎದೆಯೂ ತುಂಬಿತ್ತು. ಅವನಿಗೆ ಎದೆ ತುಂಬಿದರೆ ಊರಿಗೆ ಫೋನು ಮಾಡುವುದು ರೂಢಿ. ಅಲ್ಲೇ ನಿಂತು ತಾಯಿಗೆ ಹಚ್ಚಿ, ಎಲ್ಲರಿಗೂ ಕೇಳಿಸುವ ಹಾಗೆ ಸ್ಪೀಕರ್ ಹಾಕಿದ.

"ಯವ್ವಾ, ಮಸ್ಕಿ ಗಿರಣಿ ಬಸಣ್ಣನ ಅಳಿಯಂದ್ರು ಸಿಕ್ಕಾರ ಇಲ್ಲಿ! ಎಂಥ ದೊಡ್ಡ ಮನಸಿನವ್ರು ಅಂದಿ! ನಮ್ಮ ಸಲುವಾಗಿ ಮೆಡಲ್ ಬಿಟ್ರು ಯವ್ವಾ!"

"ಯಾವ ಗಿರಣಿ ಬಸಣ್ಣ?" ಎಂದಿತು ಮುದುಕಿಯ ದನಿ.

"ಮಸ್ಕ್ಯಾಗ ಎಷ್ಟ ಮಂದಿ ಗಿರಣಿ ಬಸಣ್ಣ ಅದಾರಬೇ?"

"ಇಬ್ರು ಅದಾರ. ಹಿಟ್ಟಿನ ಗಿರಣಿ ಬಸಣ್ಣ ಒಬ್ಬ, ಎಣ್ಣಿ ಗಿರಣಿ ಬಸಣ್ಣ ಒಬ್ಬ. ನಮ್ಮವ್ರು ಎಣ್ಣಿಯವ್ರು. ಅವರದು ಯಾವ್ದು ಕೇಳು."

ಮೌನಪ್ಪ ದಿನೇಶನ ಮುಖ ನೋಡಿದ. ಇಪ್ಪತ್ತು ಜನ ನೋಡಿದರು. ಸುಮತಿ ನೋಡಿದಳು. ಯಶವಂತ ಕಣ್ಣು ತೆರೆದ.

ದಿನೇಶನಿಗೆ ಬಾಲ್ಯದ ರಜೆಗಳು ಕಣ್ಣ ಮುಂದೆ ಬಂದವು. ಮಾವನ ಗಿರಣಿಯಲ್ಲಿ ಆಡಿ ಮನೆಗೆ ಬಂದಾಗ ಅವನ ತಲೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಿರುತ್ತಿದ್ದವು.

"ಹಿಟ್ಟಿಂದು" ಎಂದ.

"ಹಿಟ್ಟಿನವ್ರಾ?" ಎಂದಿತು ಫೋನು. "ಹಿಟ್ಟಿನವ್ರಿಗೂ ನಮಗೂ ಏನೇನೂ ಸಂಬಂಧಿಲ್ಲಪ್ಪ. ಹಿಂದಕಿಂದನೂ ಇಲ್ಲ."

ಯಶವಂತ ಒಂದೇ ನೆಗೆತಕ್ಕೆ ಮೇಜಿನ ಮುಂದೆ ಬಂದ. "ಮೇಡಂ! ಕೇಳಿಸ್ಕೊಂಡ್ರಲ್ಲ? ಸಂಬಂಧಾನೇ ಇಲ್ಲ! ಅಪರಿಚಿತರು! ಎರಡೂ ಸಲ ಅಪರಿಚಿತರೇ!"

ಸುಮತಿ ಮೊಬೈಲು ನೋಡಿದಳು, ಕೈಗಡಿಯಾರ ನೋಡಿದಳು. ಏಳು ಮೂವತ್ತೆಂಟು. "ಫಲಿತಾಂಶ ಹೋಗ್ಬಿಟ್ಟಿದೆ. ಒಂದ್ಸಲ ಕಳಿಸಿದ್ರೆ ವಾಪಸ್ ತರಕ್ಕೆ ಬರಲ್ಲ. ಹೌದು ಅಂತ ಸರ್ ತಾವೇ ಸಹಿ ಬೇರೆ ಹಾಕಿದಾರೆ" ಎಂದಳು. ಶಾಮಿಯಾನದವರು ಹಗ್ಗ ಬಿಚ್ಚಲು ಶುರು ಮಾಡಿದರು.

ಮೌನಪ್ಪ ಹಿಡಿದುಕೊಂಡಿದ್ದ ದಿನೇಶನ ಕೈಯನ್ನು ಮೆಲ್ಲಗೆ ಬಿಟ್ಟ. ಅನ್ನಮ್ಮ ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಲಾರಿಯವನು ಹಾರನ್ನು ಹೊಡೆದ.

"ಹಲೋ, ಮೌನಪ್ಪಾ," ಎಂದು ಫೋನಿನಲ್ಲಿ ಮುದುಕಿ ಇನ್ನೂ ಕೇಳುತ್ತಿದ್ದಳು, "ಹಂಗಾದ್ರ ಯಾರೋ ಅವರು?"

"ಯಾರಿಲ್ಲ ಬಿಡಬೇ" ಎಂದ ಮೌನಪ್ಪ ಲಾರಿಯ ಕಡೆ ನಡೆಯುತ್ತ. "ಯಾರೋ ಸೈಕಲ್ಲಿನವ್ರು."